ರೇಡಿಯೊಹೆಡ್: ಎರಡನೇ ತಂತಿಯ ಮೇಲೊಂದು ಕಣ್ಣಿರಲಿ

ಪ್ರಶ್ನೆ: ಇಂಗ್ಲೆಂಡಿನ ರಾಕ್ ತಂಡ ರೇಡಿಯೊಹೆಡ್‌ನ ‘ಕ್ರೀಪ್’ ಹಾಡಿಗೆ ಗಿಟಾರಿನಲ್ಲಿ ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅಂತಾರೆ: ಜಿ, ಬಿ, ಸಿ, ಸಿ ಮೈನರ್. ಬಿ ಹಿಡಿಯುವುದು ಕಷ್ಟ ಅಂತ ಬಿ ಮೈನರ್, ಸಿ ಮೈನರ್ ಬದಲಿಗೆ ಎ ಮೈನರ್ ಹಾಕುತ್ತೇನೆ. ಹಾಡು ಸಪ್ಪೆಯಾಗುತ್ತದೆ. ಯಾಕೆ?
– ಓದುಗರು, ದಾವಣಗೆರೆ

ಉತ್ತರ: ಹಾಡಿನ ಜೀವವಾಗಿರುವ ಒಂದು ಸ್ವರವನ್ನೇ ನೀವು ತೆಗೆದುಹಾಕಿದ್ದೀರಿ. ಜಿ ಯನ್ನು ಷಡ್ಜ ಅಂದುಕೊಳ್ಳಿ. ಮೊದಲ ಕಾರ್ಡ್‌ನಲ್ಲಿ ಪಂಚಮ ಇದೆ. ಬಿ ಮೇಜರ್‌ನಲ್ಲಿ ಅದು ಕೋಮಲ ಧೈವತಕ್ಕೆ ಏರುತ್ತದೆ, ಸಿ ಯಲ್ಲಿ ಶುದ್ಧ ಧೈವತ, ಸಿ ಮೈನರ್‌ನಲ್ಲಿ ಮತ್ತೆ ಕೋಮಲ, ಆಮೇಲೆ ಪಂಚಮಕ್ಕೆ ವಾಪಸ್. (ಇವು ಹಿಂದೂಸ್ತಾನಿ ಹೆಸರುಗಳು. ಕರ್ನಾಟಕ ಪದ್ಧತಿ ಕಲಿತವರು ಕೋಮಲವನ್ನು ಶುದ್ಧ ಎಂದೂ ಶುದ್ಧವನ್ನು ಚತುಶ್ರುತಿ ಎಂದೂ ಓದಿಕೊಳ್ಳಲಿ.) ಬಿ ಮೈನರ್‌ನಲ್ಲಿ ಕೋಮಲ ಧೈವತವೇ ಇಲ್ಲ, ಪಂಚಮ ಏರದೆ ಅಲ್ಲೇ ಕೂರುತ್ತದೆ. ಎ ಮೈನರ್‌ನಲ್ಲಿ ಶುದ್ಧ ಧೈವತ ಉಳಿದು, ಇಳಿಯಬೇಕಾದ ಸ್ವರ ಇಳಿಯುವುದಿಲ್ಲ.

ಇದನ್ನು ಗಿಟಾರಿನಲ್ಲಿ ಕಣ್ಣಾರೆ ನೋಡಬಹುದು. ಆರನೇ ತಂತಿಯಿಂದ ಮೊದಲನೆಯದರ ಕಡೆಗೆ, ಜಿ ಯನ್ನು 3-2-0-0-3-3 ಎಂದು ಹಿಡಿಯಿರಿ (ಅಂಕಿ ಅಂದರೆ ಒತ್ತಬೇಕಾದ ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮನೆ; 0 ಅಂದರೆ ಒತ್ತದ ತಂತಿ). ಉಳಿದ ಮೂರಕ್ಕೂ ಆರನೇ ತಂತಿ ಬೇಡ. ಐದನೆಯದರಿಂದ ಎಣಿಸಿದರೆ ಬಿ 2-4-4-4-2, ಸಿ 3-5-5-5-3, ಸಿ ಮೈನರ್ 3-5-5-4-3. ಈಗ ಎರಡನೇ ತಂತಿಯೊಂದನ್ನೇ ಗಮನಿಸಿ: ಫ್ರೆಟ್ 3, 4, 5, 4, ಮತ್ತೆ 3. ಒಂದೊಂದು ಕಾರ್ಡ್‌ಗೂ ಎರಡು ಬಾರ್, ಅಂದರೆ ಎಂಟು ಎಣಿಕೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸಿದರೆ ಈ ನಡೆ ಮುಚ್ಚಿಹೋಗುತ್ತದೆ. ಬಿಡಿಬಿಡಿಯಾಗಿ ಮೀಟಿ.

ಬಿ ಇನ್ನೂ ಕೈಗೆ ಬಾರದಿದ್ದರೆ ಬಿ 7 ಹಾಕಿ. ಅದರಲ್ಲೂ ಆ ಕೋಮಲ ಧೈವತ ಇದೆ, ಹಾಡು ಕೆಡುವುದಿಲ್ಲ. ಸಿ ಮೈನರ್‌ಗೆ ಮಾತ್ರ ಬದಲಿ ಹುಡುಕಬೇಡಿ. ಸಿ ಯನ್ನು ಮೇಲೆ ಹೇಳಿದ ಬಾರ್ ಹಿಡಿತದಲ್ಲೇ (ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ) ನುಡಿಸಿದರೆ ಅಲ್ಲಿಂದ ಬೆರಳುಗಳ ಜಾಗವಷ್ಟೇ ಬದಲು, ಕೈ ಸರಿಸಬೇಕಿಲ್ಲ.

ಪಲ್ಲವಿಗೆ ಮುಂಚೆ ಸಿಡಿಯುವ ‘ಚಕ್-ಚಕ್’ ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್‌ನದು. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ತುಳಿದು, ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಒತ್ತದೆ ಮಲಗಿಸಿ, ಬಲಗೈಯಿಂದ ಜೋರಾಗಿ ಹೊಡೆಯಬೇಕು. ಒಂದೇ ಬೆರಳು ಸೋಕಿಸಿದರೆ, ಅದೂ 5, 7 ಅಥವಾ 12ನೇ ಫ್ರೆಟ್ ಹತ್ತಿರ, ಸದ್ದು ಸಾಯದೆ ಗಂಟೆಯ ಹಾಗೆ ನಾದ ಹೊರಡುತ್ತದೆ. ಮೂರು ನಾಲ್ಕು ಬೆರಳು ಚಪ್ಪಟೆಯಾಗಿರಲಿ.

ಪ್ರಶ್ನೆ: ‘ಕ್ರೀಪ್’ ಮಾಡಿದವರೇ ‘ಕಿಡ್ ಎ’ ಆಲ್ಬಮ್ ಮಾಡಿದ್ದು ಹೇಗೆ? ಎಲ್ಲಿಂದ ಕೇಳಲು ಶುರುಮಾಡಲಿ?
– ಓದುಗರು, ಮೈಸೂರು

ಉತ್ತರ: ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಅಬಿಂಗ್ಡನ್ ಶಾಲೆಯ ಐವರು ಹುಡುಗರ ತಂಡ ಇದು: ಟಾಮ್ ಯಾರ್ಕ್, ಗ್ರೀನ್‌ವುಡ್ ಸಹೋದರರಾದ ಜಾನಿ ಮತ್ತು ಕಾಲಿನ್, ಎಡ್ ಒಬ್ರಿಯನ್, ಡ್ರಮ್ಸ್‌ಗೆ ಫಿಲಿಪ್ ಸೆಲ್ವೇ. ಶುಕ್ರವಾರ ಅಭ್ಯಾಸ ಮಾಡುತ್ತಿದ್ದರಿಂದ ಮೊದಲು ‘ಆನ್ ಎ ಫ್ರೈಡೇ’ ಎಂಬ ಹೆಸರಿತ್ತು. 1991ರಲ್ಲಿ ರೆಕಾರ್ಡ್ ಕಂಪನಿ ಇಎಂಐ ಜೊತೆ ಒಪ್ಪಂದವಾದ ಮೇಲೆ ರೇಡಿಯೊಹೆಡ್ ಆಯಿತು. 1992ರಲ್ಲಿ ಬಂದ ‘ಕ್ರೀಪ್’ ಬ್ರಿಟನ್ನಿನಲ್ಲಿ ಮಕಾಡೆ ಮಲಗಿತು. ಇಸ್ರೇಲಿನ ರೇಡಿಯೊದಲ್ಲಿ ಮೊದಲು ಓಡಿ, 1993ರಲ್ಲಿ ಮರುಬಿಡುಗಡೆಯಾದಾಗ ಬ್ರಿಟಿಷ್ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು.

‘ಕಿಡ್ ಎ’ (2000) ಆಕಾಶದಿಂದ ಉದುರಿದ್ದಲ್ಲ. ‘ಓಕೆ ಕಂಪ್ಯೂಟರ್’ (1997) ಹೊತ್ತಿಗೇ ಅವರಿಗೆ ಗಿಟಾರಿನಷ್ಟೇ ಸ್ಟುಡಿಯೊ ಕೂಡ ವಾದ್ಯವಾಗಿತ್ತು. ಬಾತ್ ಬಳಿಯ ಹಳೆಯ ಮಹಲೊಂದರಲ್ಲಿ ಅದರ ಬಹುಭಾಗ ಧ್ವನಿಮುದ್ರಣವಾಯಿತು. ಅದರ ‘ಎಕ್ಸಿಟ್ ಮ್ಯೂಸಿಕ್’ ಹಾಡಿನಲ್ಲಿ ಗಾಯಕ ಟಾಮ್ ಧ್ವನಿಯ ಸುತ್ತ ಕೇಳುವ ಅನುರಣನ ಅಲ್ಲಿನ ಕಲ್ಲಿನ ಮೆಟ್ಟಿಲುಗಳದ್ದು. ‘ಕಿಡ್ ಎ’ಯಲ್ಲಿ ಗಿಟಾರ್ ಹಿಂದೆ ಸರಿದು ಪ್ರಾಫೆಟ್-5 ಎಂಬ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಒಂಡ್ ಮಾರ್ಟನೋ ಎಂಬ 1928ರ ವಿದ್ಯುತ್ ವಾದ್ಯ ಮುಂದೆ ಬಂದವು. ಆದರೆ ಸುತ್ತಿ ಸುತ್ತಿ ಬರುವ ಕಾರ್ಡ್‌ಗಳೊಳಗೆ ಒಂದು ಸ್ವರವನ್ನು ಕದಲಿಸಿ ಕಾಡುವ ಹಳೇ ಚಾಳಿ ಬಿಟ್ಟಿಲ್ಲ.

‘ದ ಬೆಂಡ್ಸ್’ (1995) ಮೊದಲು ಕೇಳಿ, ಆಮೇಲೆ ‘ಓಕೆ ಕಂಪ್ಯೂಟರ್’, ಅಲ್ಲಿಂದ ನೇರ ‘ಇನ್ ರೇನ್‌ಬೋಸ್’ (2007)ಗೆ ಜಿಗಿಯಿರಿ. ‘ಕಿಡ್ ಎ’ ನಾಲ್ಕನೆಯದಾಗಿರಲಿ. ಮೊದಲ ಆಲ್ಬಮ್ ‘ಪಾಬ್ಲೊ ಹನಿ’ಯನ್ನು ಬಿಟ್ಟರೂ ನಷ್ಟವಿಲ್ಲ, ‘ಕ್ರೀಪ್’ ನಿಮಗೆ ಗೊತ್ತಿದೆಯಲ್ಲ.

ಪ್ರಶ್ನೆ: ರೇಡಿಯೊಹೆಡ್‌ನ ‘15 ಸ್ಟೆಪ್’ ಹಾಡಿಗೆ ಚಪ್ಪಾಳೆ ಹಾಕಿದರೆ ಒಮ್ಮೆ ಕೂಡುತ್ತದೆ, ಒಮ್ಮೆ ತಪ್ಪುತ್ತದೆ.
– ಓದುಗರು, ಉಡುಪಿ

ಉತ್ತರ: ನೀವು ನಾಲ್ಕು ಎಣಿಸುತ್ತಿದ್ದೀರಿ, ಹಾಡು ಐದರಲ್ಲಿದೆ. 20 ಎಣಿಕೆಗೊಮ್ಮೆ ಎರಡೂ ತಾವಾಗಿಯೇ ಕೂಡುತ್ತವೆ. ‘ಹಾಂ, ಸಿಕ್ಕಿತು’ ಅನ್ನುವಷ್ಟರಲ್ಲಿ ಮತ್ತೆ ಜಾರುತ್ತದೆ. ಖಂಡ ಚಾಪು ಗೊತ್ತಿದ್ದವರಿಗೆ ಇದು ಹೊಸದಲ್ಲ: ‘ತಕ ತಕಿಟ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ‘ತ’ ಬಿದ್ದಾಗಲೆಲ್ಲ ತಟ್ಟದೆ, ಐದಕ್ಕೊಂದು ಸಲ ಮೊದಲ ಅಕ್ಷರಕ್ಕೆ ಮಾತ್ರ ತಟ್ಟಿ. ಅದು ನಿಂತ ಮೇಲೆ ‘ಓಕೆ ಕಂಪ್ಯೂಟರ್’ನ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಹಾಡಿನ ಅಬ್ಬರದ ಭಾಗಕ್ಕೆ ಹೋಗಿ. ಅಲ್ಲಿ ಏಳರ ಲೆಕ್ಕ ನುಸುಳುತ್ತದೆ, ‘ತಕಿಟ ತಕಧಿಮಿ’ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಈ ತಂಡಕ್ಕೂ ಭಾರತಕ್ಕೂ ನಂಟುಂಟೆ?
– ಓದುಗರು, ಕಲಬುರಗಿ

ಉತ್ತರ: ಇಡೀ ತಂಡಕ್ಕಲ್ಲ, ಜಾನಿಗೆ ಉಂಟು. 2015ರ ‘ಜುನೂನ್’ ಆಲ್ಬಮ್ ಅನ್ನು ಇಸ್ರೇಲಿ ಸಂಗೀತಗಾರ ಶಾಯ್ ಬೆನ್ ತ್ಸೂರ್ ಮತ್ತು ರಾಜಸ್ಥಾನದ ಕಲಾವಿದರ ಜೊತೆ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಮಾಡಿದರು. ರೇಡಿಯೊಹೆಡ್‌ನ ನಿರ್ಮಾಪಕ ನೈಜೆಲ್ ಗಾಡ್ರಿಚ್ ಕೂಡ ಅಲ್ಲಿದ್ದರು. ಗಿಟಾರ್ ಹೀರೊನ ಕೈಚಳಕ ಹುಡುಕಿ ಹೋದರೆ ನಿರಾಸೆ. ಕವ್ವಾಲಿ, ಡೋಲು, ಬ್ಯಾಂಡ್‌ನವರ ತುತ್ತೂರಿಗಳೇ ಮುಂದಿವೆ, ಜಾನಿ ಬೇಕೆಂದೇ ಹಿಂದೆ ನಿಂತಿದ್ದಾನೆ.