ಭೂಕಂಪಕ್ಕೆ ಬೀಳದ್ದು ಬೆಲೆಗೆ ಬಿತ್ತು

ಶಿರಸಿಯ ಓದುಗರೊಬ್ಬರ ಪತ್ರ: "ಟೋಕಿಯೋದ ಇಂಪೀರಿಯಲ್ ಹೋಟೆಲನ್ನು ಕೆಡವಿದರೆಂದು ಕಳೆದ ಸಂಚಿಕೆಯಲ್ಲಿ ಮರುಗಿದ್ದೀರಿ. ಕುಸಿಯುತ್ತಿದ್ದ ಕಟ್ಟಡವನ್ನು ಕೆಡವದೆ ಇನ್ನೇನು ಮಾಡಬೇಕಿತ್ತು? ಮುಂಭಾಗವನ್ನು ಮ್ಯೂಸಿಯಮ್ಮಿನಲ್ಲಿ ಉಳಿಸಿಕೊಂಡಿದ್ದಾರಲ್ಲ, ಸಾಲದೇ?"

ಸಂಪಾದಕರ ಉತ್ತರ: ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಅಡಿಯಲ್ಲಿ ಕೆಸರು ನೆಲ, ಕಟ್ಟಡ ಒಂದೊಂದು ಕಡೆ ಒಂದೊಂದು ಮಟ್ಟಕ್ಕೆ ಇಳಿದಿತ್ತು. ಕಟ್ಟಡಕ್ಕೆ ಬಳಸಿದ್ದ ಓಯಾ ಎಂಬ ಮೆತ್ತನೆಯ ಕಲ್ಲು ಸವೆದಿತ್ತು. ಒಪ್ಪಿದೆ. ಆದರೆ ಅದಷ್ಟೇ ಕಾರಣವೆಂದು ನಾನು ನಂಬಲಾರೆ. ಹಿಬಿಯಾ ಉದ್ಯಾನದ ಎದುರು, ಟೋಕಿಯೋದ ನಟ್ಟನಡುವೆ, ಮುಗಿಲಿಗೇರದೆ ನೆಲದುದ್ದಕ್ಕೂ ಹರಡಿಕೊಂಡಿತ್ತಲ್ಲ, ಅದೇ ಅದಕ್ಕೆ ಮುಳುವಾಯಿತು. ಅಷ್ಟೇ ಜಾಗದಲ್ಲಿ ಎಷ್ಟು ಹೆಚ್ಚು ಕೋಣೆ ಬಾಡಿಗೆಗೆ ಕೊಡಬಹುದೆಂಬ ಲೆಕ್ಕದ ಮುಂದೆ ಯಾವ ಕಲೆ ನಿಲ್ಲುತ್ತದೆ?

ಎಂಥ ಕಟ್ಟಡವದು! ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ನಕ್ಷೆ ಬರೆದ. ಅವನು ಊರಿಗೆ ಮರಳಿದ ಮೇಲೆ ಶಿಷ್ಯ ಅರಾತಾ ಎಂಡೋ ಕೆಲಸ ಮುಗಿಸಿದ. ಭೂಕಂಪದಲ್ಲಿ ಭಾರದ ಹೆಂಚು ಜನರ ತಲೆ ಮೇಲೆ ಬೀಳಬಾರದೆಂದು ಹಗುರವಾದ ತಾಮ್ರದ ಮಾಡು ಹೊದಿಸಿದರು. ಗೋಡೆಗಳು ಬುಡದಲ್ಲಿ ದಪ್ಪ, ಮೇಲೇರುತ್ತ ತೆಳು. ಇಡೀ ಕಟ್ಟಡವನ್ನು ಬಿಡಿ ಬಿಡಿ ಭಾಗಗಳಾಗಿ ಕಟ್ಟಿ, ನಡುವೆ ಸಂದು ಬಿಟ್ಟರು. 1923ರ ಸೆಪ್ಟೆಂಬರ್ 1, ಉದ್ಘಾಟನೆಯ ಔತಣದ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಮಹಾ ಭೂಕಂಪ. ಒಂದು ಲಕ್ಷಕ್ಕೂ ಮಿಕ್ಕಿ ಜನ ಸತ್ತರು, ಊರಿಗೆ ಊರೇ ಉರಿಯಿತು. ಪೆಟ್ಟು ತಿಂದರೂ ಹೋಟೆಲು ನಿಂತಿತು. ಮುಂದಿನ ಕೊಳ ಬರೀ ಶೃಂಗಾರಕ್ಕಿರಲಿಲ್ಲ. ಬೆಂಕಿ ಆರಿಸಲು ಅದರ ನೀರೇ ಒದಗಿತು. ಉಳಿದದ್ದು ಅದೊಂದೇ ಕಟ್ಟಡವೆಂಬ ಕಥೆ ಮಾತ್ರ ಸುಳ್ಳು, ಬೇರೆಯವೂ ಉಳಿದಿದ್ದವು. ಹೊಗಳಲು ಸುಳ್ಳು ಬೇಕಿಲ್ಲ.

1945ರಲ್ಲಿ ಟೋಕಿಯೋ ಮೇಲೆ ವಿಮಾನಗಳು ಸುರಿದ ಬಾಂಬುಗಳಿಗೂ ಅದು ಪೂರ್ತಿ ಮಣಿಯಲಿಲ್ಲ. ಕೊನೆಗೆ, ಎಷ್ಟು ಜನ ಬೇಡವೆಂದರೂ ಕೇಳದೆ, 1967ರ ಕೊನೆಯಲ್ಲಿ ಮಾಲೀಕರೇ ಕೆಡವಲು ಶುರುಮಾಡಿದರು.

ಮ್ಯೂಸಿಯಮ್ಮಿನಲ್ಲಿದೆಯಲ್ಲ ಎಂದಿರಿ. ನಗೋಯಾ ಬಳಿಯ ಮೇಜಿ ಮುರಾದಲ್ಲಿರುವುದು ಬಾಗಿಲ ಕಡೆಯ ಭಾಗ ಮತ್ತು ಮುಂದಿನ ಕೊಳ. ಅದನ್ನು ಮರಳಿ ಜೋಡಿಸಿ ಮುಗಿಸಲು 1985ರವರೆಗೆ ಹಿಡಿಯಿತು. ಪತ್ರದಲ್ಲಿ ಇಷ್ಟು ಚೆನ್ನಾಗಿ ವಾದಿಸುವ ನೀವು ಅಷ್ಟಕ್ಕೇ ಸಮಾಧಾನ ಪಟ್ಟದ್ದು ನನಗೆ ಬೇಸರ. ಜನ ಉಂಡು ಮಲಗಿ ಎದ್ದರಲ್ಲವೇ ಅದು ಹೋಟೆಲು?

ಇನ್ನೊಂದು ಕೇಳಿ. ಅದರ ಜಾಗದಲ್ಲಿ 1970ರಲ್ಲಿ ಎದ್ದ 17 ಮಹಡಿಯ ಕಟ್ಟಡವನ್ನೂ ಕೆಡವಿ ಹೊಸದು ಕಟ್ಟುವುದಾಗಿ 2021ರಲ್ಲಿ ಹೋಟೆಲಿನವರು ಪ್ರಕಟಿಸಿದ್ದಾರೆ.

ಇದು ಜಪಾನಿನ ರೋಗ ಮಾತ್ರವಲ್ಲ. ನಮ್ಮ ಅಠಾರ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಬೆಂಗಳೂರಿನ ಜನ ತಕರಾರು ತೆಗೆದದ್ದಕ್ಕೆ ಇವತ್ತಿಗೂ ಹೈಕೋರ್ಟು ಅಲ್ಲೇ ನಡೆಯುತ್ತಿದೆ. ಕಂಟೋನ್ಮೆಂಟಿನ ಎಷ್ಟೋ ಬಂಗಲೆಗಳಿಗೆ ಆ ಪುಣ್ಯವಿರಲಿಲ್ಲ. ಶಿಥಿಲವಾಗಿದೆ ಎಂದು ಯಾರಾದರೂ ಹೇಳಿದ ಕೂಡಲೇ ತಲೆಯಾಡಿಸಬೇಡಿ. ಹೇಳಿದವರು ಯಾರು, ಆ ಜಾಗದಲ್ಲಿ ಏನು ಏಳಲಿದೆ ಎಂದು ಕೇಳಿ. ನಿಮ್ಮೂರಲ್ಲಿ ಹೀಗೆ ದಿನ ಎಣಿಸುತ್ತಿರುವ ಮನೆ, ಛತ್ರ, ಹೋಟೆಲುಗಳಿದ್ದರೆ ಫೋಟೋ ಸಮೇತ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.