ಹಳೆಯ ಮಾರುತಿಗೆ ಯಾವ ಎಂಜಿನ್ ಆಯಿಲ್?

ಪ್ರಶ್ನೆ: ನಮ್ಮ ತಂದೆಯವರು 1996ರಲ್ಲಿ ಕೊಂಡ, ಕಾರ್ಬ್ಯುರೇಟರ್ ಇರುವ ಮಾರುತಿ 800 ಕಾರು ಈಗಲೂ ಓಡುತ್ತಿದೆ. ವಾರಕ್ಕೆ ಎರಡು ಮೂರು ಸಲ ನಾಲ್ಕು ಕಿ.ಮೀ. ದೂರದ ಪೇಟೆಗೆ ಹೋಗಿಬರುವುದಷ್ಟೇ ಅದರ ಕೆಲಸ. ನಿಲ್ಲಿಸಿದ ಜಾಗದಲ್ಲಿ ಒಂದೆರಡು ಹನಿ ಆಯಿಲ್ ಬಿದ್ದಿರುತ್ತದೆ. ಇಷ್ಟು ವರ್ಷ ಸಾಮಾನ್ಯ 20ಡಬ್ಲ್ಯು-40 ಆಯಿಲನ್ನೇ ಹಾಕಿಸಿದ್ದೇವೆ. ಮಗ ರಾಸಾಯನಿಕ ಪ್ರಕ್ರಿಯೆಯಿಂದ ತಯಾರಿಸಿದ ಸಿಂಥೆಟಿಕ್ ಆಯಿಲ್ ಹಾಕಿಸೋಣ ಎನ್ನುತ್ತಾನೆ. ಹಾಕಿದರೆ ಸೋರಿಕೆ ಹೆಚ್ಚುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಆಯಿಲ್ ಆರಿಸುವ ಮುನ್ನ ಆ ಹನಿಗಳು ಎಲ್ಲಿಂದ ಬರುತ್ತಿವೆ ಎಂಬುದನ್ನು ಪತ್ತೆ ಮಾಡಿಸಿ. ಟ್ಯಾಪೆಟ್ ಕವರಿನ ಪ್ಯಾಕಿಂಗ್‌ನಿಂದಲೋ ಡ್ರೈನ್ ಬೋಲ್ಟಿನ ವಾಷರ್‌ನಿಂದಲೋ ಆಗಿದ್ದರೆ ಅದು ಸಣ್ಣ ಖರ್ಚಿನ ಕೆಲಸ. ಕ್ರ್ಯಾಂಕ್ ಆಯಿಲ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಆಗಿದ್ದರೆ ತುಸು ದೊಡ್ಡದು.

ನಿಮ್ಮ ಮೆಕ್ಯಾನಿಕ್ ಹೇಳುವ ಮಾತಿಗೆ ಒಂದು ಹಿನ್ನೆಲೆಯಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳು ಆ ಕಾಲದ ರಬ್ಬರ್ ಸೀಲ್‌ಗಳಿಗೆ ಸರಿಹೊಂದದೆ ಸೋರಿಕೆಯ ದೂರು ತಂದಿದ್ದವು. ಈಗಿನವುಗಳಲ್ಲಿ ಆ ದೋಷವಿಲ್ಲ. ಆದರೆ ವರ್ಷಗಟ್ಟಲೆ ಮಡ್ಡಿ ಕಟ್ಟಿದ ಎಂಜಿನ್ನಿನಲ್ಲಿ, ಗಡುಸಾಗಿ ಬಿರುಕು ಬಿಟ್ಟ ಸೀಲನ್ನು ಆ ಮಡ್ಡಿಯೇ ಮುಚ್ಚಿಕೊಂಡಿರುವುದುಂಟು; ಹೊಸ ಆಯಿಲ್ ಅದನ್ನು ತೊಳೆದುಹಾಕಿದಾಗ ಮೊದಲೇ ಇದ್ದ ಸೋರಿಕೆ ಬಯಲಿಗೆ ಬರುತ್ತದೆ. ಸಿಂಥೆಟಿಕ್ ಹೆಸರಿನಲ್ಲಿ 5ಡಬ್ಲ್ಯು-30ರಂತಹ ತೆಳು ಆಯಿಲ್ ಹಾಕಿ, ಸೋರಿತೆಂದು ಸಿಂಥೆಟಿಕ್ಕನ್ನೇ ದೂರುವವರೂ ಇದ್ದಾರೆ.

ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ಗಟ್ಟಿಯಾಗಿರುತ್ತದೆ ಎಂಬುದನ್ನೂ ಸೂಚಿಸುತ್ತವೆ. ಸೊನ್ನೆಗಿಂತ ಕೆಳಗಿನ ಚಳಿಯನ್ನೇ ಕಾಣದ ಸಾಗರದಲ್ಲಿ ಮೊದಲ ಅಂಕಿ ಅಷ್ಟೇನೂ ಮುಖ್ಯವಲ್ಲ. ಎರಡನೆಯದು ಮುಖ್ಯ: ಮೂವತ್ತು ವರ್ಷ ಸವೆದ ಬೇರಿಂಗುಗಳ ಸಂದು ಹಿಗ್ಗಿರುವುದರಿಂದ ತೆಳು ಆಯಿಲ್‌ನಲ್ಲಿ ಒತ್ತಡ ನಿಲ್ಲುವುದು ಕಷ್ಟ. ಆದ್ದರಿಂದ ಯಾವ ಬಗೆಯದೇ ಆಗಲಿ, 40ಕ್ಕಿಂತ ಕೆಳಗೆ ಇಳಿಯಬೇಡಿ.

ಸಿಂಥೆಟಿಕ್ಕಿನ ನಿಜವಾದ ಗುಣವೆಂದರೆ ಹೆಚ್ಚು ಬಿಸಿಯನ್ನು ತಾಳಿಕೊಂಡು ಬಹುಕಾಲ ಕೆಡದೆ ಉಳಿಯುವುದು. ದಿನವಿಡೀ ಹೆದ್ದಾರಿಯಲ್ಲಿ ಓಡುವ ಕಾರಿಗೆ ಅದು ಲಾಭವೇ. ನಿಮ್ಮ ಕಾರಿನದು ತೀರ ಬೇರೆ ಕಷ್ಟ. ನಾಲ್ಕು ಕಿ.ಮೀ. ಓಡುವಷ್ಟರಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಕೆಳಗಿಳಿದು ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪ್ ಸೇರುತ್ತದೆ, ಪೆಟ್ರೋಲ್ ಉರಿದು ಹುಟ್ಟಿದ ನೀರಾವಿಯೂ ಅಲ್ಲೇ ತಂಗುತ್ತದೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳವನ್ನು ತಿರುಗಿಸಿ ಒಳಭಾಗ ನೋಡಿ: ಮೊಸರಿನಂತಹ ನೊರೆ ಅಂಟಿದ್ದರೆ ಅದು ಆ ನೀರಿನ ಗುರುತಾಗಿರಬಹುದು. (ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು, ಅದು ಬೇರೆ ರೋಗ.) ಪೆಟ್ರೋಲ್ ಮತ್ತು ನೀರು ಬೆರೆತ ಮೇಲೆ ದುಬಾರಿ ಆಯಿಲ್ ಕೂಡ ಹಾಳೇ. ಆದ್ದರಿಂದ ಕಿಲೋಮೀಟರ್ ಲೆಕ್ಕ ಬಿಟ್ಟು, ಆರು ತಿಂಗಳಿಗೊಮ್ಮೆ ಸಾಮಾನ್ಯ 20ಡಬ್ಲ್ಯು-40 ಆಯಿಲನ್ನೇ ಫಿಲ್ಟರ್ ಸಮೇತ ಬದಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಿಡಿಸುವುದೇ ಸುಮಾರು ಮೂರು ಲೀಟರ್. ವರ್ಷಕ್ಕೆರಡು ಬಾರಿ ಬದಲಿಸಿದರೂ ಹೊರೆಯಾಗದು. ತಿಂಗಳಿಗೊಮ್ಮೆಯಾದರೂ ಶಿವಮೊಗ್ಗದ ಕಡೆಗೆ ಅರ್ಧ ಗಂಟೆ ಓಡಿಸಿದರೆ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ.

ಸೋರಿಕೆ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ (ಆಯಿಲ್ ಉರಿಯುತ್ತಿರುವುದರ ಗುರುತು) ಕಾಣದಿದ್ದ ಪಕ್ಷದಲ್ಲಿ, ಮಗನ ಆಸೆಯಂತೆ 15ಡಬ್ಲ್ಯು-40 ಸೆಮಿ ಸಿಂಥೆಟಿಕ್ (ಸಾಮಾನ್ಯ ಮತ್ತು ಸಿಂಥೆಟಿಕ್ ಬೆರೆತ ಆಯಿಲ್) ಹಾಕಿಸಲು ಅಡ್ಡಿಯಿಲ್ಲ. ಮೊದಲ ಸಾವಿರ ಕಿ.ಮೀ. ಮುಗಿಯುವವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡುವ ಕೆಲಸವನ್ನು ಅವನಿಗೇ ವಹಿಸಿ.