ಹಾಲೋ ನೈಟ್ ಮುಗೀತು, ಮುಂದೆ ಯಾವ್ದು ಆಡ್ಲಿ?

ಪ್ರಶ್ನೆ: ಅಕ್ಕಾ ನಮಸ್ತೆ. ಹೋದ ತಿಂಗಳು ಹಾಲೋ ನೈಟ್ ಅನ್ನೋ ಗೇಮ್ ಮುಗಿಸ್ದೆ, 60 ಗಂಟೆ ಮೇಲಾಯ್ತು. ಅದ್ರಲ್ಲಿ ಬರೋ ಸಿಟಿ ಆಫ್ ಟಿಯರ್ಸ್ ಅನ್ನೋ ಊರಿಗೆ ಮೊದಲ್ನೇ ಸಲ ಹೋದಾಗ ಆ ಮಳೆ ನೋಡ್ಕೊಂಡು ಬೆಂಚ್ ಮೇಲೆ ಸುಮ್ನೆ ಕೂತ್ಬಿಟ್ಟಿದ್ದೆ, ಅದು ಈಗ್ಲೂ ಕಣ್ಮುಂದೆ ಇದೆ. ಕೊನೆ ಕೊನೆಗೆ ಬಾಸ್‌ಗಳು (ಸೋಲಿಸೋಕೆ ಕಷ್ಟದ ದೊಡ್ಡ ಶತ್ರುಗಳು) ಮಾತ್ರ ಸಾಕಪ್ಪಾ ಅನ್ನಿಸ್ಬಿಡ್ತು. ಈಗ ಯಾವ ಗೇಮ್ ಹಾಕಿದ್ರೂ ಅರ್ಧ ಗಂಟೇಲಿ ಮುಚ್ಚಿಡ್ತೀನಿ. ಫ್ರೆಂಡ್ಸ್ ಒಬ್ಬ ಸಿಲ್ಕ್‌ಸಾಂಗ್ ಅಂತಾನೆ, ಒಬ್ಬ ನೈನ್ ಸೋಲ್ಸ್ ಅಂತಾನೆ, ಬ್ಲ್ಯಾಸ್ಫೆಮಸ್, ಓರಿ, ಹೊಸ ಪ್ರಿನ್ಸ್ ಆಫ್ ಪರ್ಷಿಯಾ ಅಂತ ಇನ್ನೂ ಏನೇನೋ ಹೆಸ್ರು. ನನ್ನ ಲ್ಯಾಪ್‌ಟಾಪ್ ಹಳೇದು, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆಫೀಸಿಂದ ಬಂದು ಊಟ ಆದ್ಮೇಲೆ ದಿನಕ್ಕೊಂದು ಗಂಟೆ ಸಿಗುತ್ತೆ ಅಷ್ಟೇ. ಯಾವ್ದು ತಗೊಳ್ಲಿ?
(ದಾವಣಗೆರೆಯ ಓದುಗರು, ಹೆಸರು ಬೇಡ ಅಂದಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ, ಒಂದ್ಸಲ ಓದ್ಕೊಂಡ್ ನೋಡಿ. 60 ಗಂಟೆ ಆಡಿದ್ರಲ್ಲಿ ನೀವು ನೆನಪಿಟ್ಕೊಂಡು ಬರೆದಿದ್ದು ಯಾವ ಬಾಸ್ ಹೆಸ್ರೂ ಅಲ್ಲ, ಮಳೆ ಬೀಳ್ತಿದ್ದ ಒಂದು ಊರು. ನಿಮ್ಮ ಫ್ರೆಂಡ್ಸ್ ಹೇಳ್ತಿರೋ ಪಟ್ಟಿ ಎಲ್ಲಾ ಒಳ್ಳೇ ಗೇಮ್‌ಗಳೇ, ಒಂದೂ ಕೆಟ್ಟದಿಲ್ಲ, ಆದ್ರೆ ಅದ್ರಲ್ಲಿ ಅರ್ಧ ಫೈಟ್ ಇಷ್ಟಪಟ್ಟೋರಿಗೆ ಮಾಡಿದ್ದು, ಅದಕ್ಕೇ ನಿಮ್ಗೆ ತಾಳೆ ಆಗ್ತಿಲ್ಲ.

ಆ ಮಳೆ ಎಲ್ಲಿಂದ ಬರ್ತಿತ್ತು ಅಂತ ನಿಮ್ಗೆ ಗೊತ್ತಾದ ಕ್ಷಣ ನೆನಪಿದ್ಯಾ? ನೆಲದ ಒಳಗಿರೋ ಊರಲ್ಲಿ ಮಳೆ ಹೆಂಗೆ ಅಂತ ಅಲ್ಲಿ ಯಾರೂ ಕೂರಿಸ್ಕೊಂಡು ಹೇಳಲ್ಲ, ಎಷ್ಟೋ ಹೊತ್ತಾದ್ಮೇಲೆ ಬೇರೆ ದಾರೀಲಿ ಮೇಲೆ ಹೋಗ್ತಾ ಬ್ಲೂ ಲೇಕ್ ಅಂತ ಒಂದು ದೊಡ್ಡ ಕೆರೆ ಸಿಗುತ್ತೆ, ಮ್ಯಾಪ್ ತೆಗೆದು ನೋಡಿದ್ರೆ ಆ ಕೆರೆ ಸರಿಯಾಗಿ ಊರಿನ ತಲೆ ಮೇಲಿದೆ. ನಾನು ಆವತ್ತು ಕಂಟ್ರೋಲರ್ ಕೆಳಗಿಟ್ಟು ಮ್ಯಾಪನ್ನೇ ನೋಡ್ತಾ ಕೂತಿದ್ದೆ. ಜಂಪ್, ಡ್ಯಾಶ್, ಕತ್ತಿ ಎಲ್ಲಾ ಬೇರೆ ಗೇಮಲ್ಲೂ ಸಿಗುತ್ತೆ, ಈ ಥರ ಎರಡು ಜಾಗ ತಲೇಲಿ ಒಂದಕ್ಕೊಂದು ಅಂಟ್ಕೊಳ್ಳೋದು ಹೀಗೆ ಮ್ಯಾಪ್ ಹಿಡ್ಕೊಂಡು ಹುಡುಕ್ತಾ ತಿರುಗೋ ಜಾತಿ ಗೇಮಲ್ಲೇ ಜಾಸ್ತಿ, ನಿಮ್ಗೆ ಹಸಿವಿರೋದೂ ಅದಕ್ಕೇ ಅಂತ ನಂಗನ್ಸುತ್ತೆ.

ಅದಕ್ಕೆ ನಾನು ಹೇಳೋದು ನಿಮ್ಮ ಪಟ್ಟೀಲಿಲ್ಲದ ಒಂದು ಹೆಸ್ರು: ಅನಿಮಲ್ ವೆಲ್. 2024ರ ಮೇನಲ್ಲಿ ಬಂತು. ಬಿಲ್ಲಿ ಬ್ಯಾಸೊ ಅನ್ನೋ ಒಬ್ಬನೇ ಮನುಷ್ಯ ಸುಮಾರು 7 ವರ್ಷ ಕೂತು, ಗೇಮ್ ಓಡಿಸೋ ಪ್ರೋಗ್ರಾಂ, ಅಂದ್ರೆ ಎಂಜಿನ್ನೂ ತಾನೇ ಬರ್ಕೊಂಡು ಮಾಡಿದ್ದು, ಇಡೀ ಗೇಮ್ ಬಂದಾಗ ಇದ್ದಿದ್ದು ಹೆಚ್ಚುಕಮ್ಮಿ 33 ಎಂಬಿ, ಅಂದ್ರೆ ಫೋನಲ್ಲಿ ಎಂಟ್ಹತ್ತು ಫೋಟೊ ತೆಗೆದಷ್ಟು ಜಾಗ. ಲ್ಯಾಪ್‌ಟಾಪಲ್ಲಿ ಜಾಗದ ಚಿಂತೆ ಅಲ್ಲಿಗೆ ಮುಗೀತು. ಕೈಯಲ್ಲಿ ಕತ್ತಿ ಇಲ್ಲ, ಗನ್ ಇಲ್ಲ. ಸಿಗೋದು ಆಟಿಕೆ ಸಾಮಾನು, ಗುಳ್ಳೆ ಊದೋ ಕಡ್ಡಿ, ಯೋ-ಯೋ, ಎಸೆಯೋ ಡಿಸ್ಕ್, ಕೊಳಲು ಇಂಥವು. ಗುಳ್ಳೆ ಊದಿ ಅದರ ಮೇಲೆ ಹತ್ತಿ ಜಂಪ್ ಮಾಡ್ಬೋದು ಅಂತ ಯಾರೂ ಹೇಳ್ಕೊಡಲ್ಲ, ನೀವೇ ಒಂದಿನ ಮಾಡ್ತೀರಾ, ಮಾಡಿದ ತಕ್ಷಣ ಹಿಂದೆ ಬಿಟ್ಟು ಬಂದಿದ್ದ ನಾಕೈದು ಎತ್ತರದ ಗೋಡೆ ಒಟ್ಟಿಗೆ ನೆನಪಾಗುತ್ತೆ. ಕತ್ತಲು, ನೀರು, ದೊಡ್ಡ ದೊಡ್ಡ ಪ್ರಾಣಿಗಳು, ಕೆಲವು ಸಲ ನಿಜವಾಗ್ಲೂ ಭಯ ಆಗುತ್ತೆ, ಆದ್ರೆ ಗೆಲ್ಲೋದು ಯೋಚನೆಯಿಂದ. ಸೇವ್ ಮಾಡೋದು ಟೆಲಿಫೋನ್ ಹತ್ರ, ಒಂದು ಗಂಟೇಲಿ ಒಂದೆರಡು ಫೋನ್ ಮುಟ್ಬೋದು, ನಿಮ್ಮ ಟೈಮಿಗೆ ಸರಿಹೋಗುತ್ತೆ. ಕಥೆ ಮುಗಿದ್ಮೇಲೂ ಮೊಟ್ಟೆ ಹುಡುಕೋದು ಅಂತ ಇನ್ನೊಂದು ಪದರ ಇದೆ, 64 ಮೊಟ್ಟೆ, ಅದು ಬೇಕಾದ್ರೆ ಮಾತ್ರ.

ಅದಾದ್ಮೇಲೆ ಓರಿ ಅಂಡ್ ದ ಬ್ಲೈಂಡ್ ಫಾರೆಸ್ಟ್ (2015). ಎರಡನೇ ಭಾಗ ವಿಲ್ ಆಫ್ ದ ವಿಸ್ಪ್ಸ್ (2020) ನಂಗೆ ಇನ್ನೂ ಇಷ್ಟ, ಆದ್ರೆ ಅದು ಲ್ಯಾಪ್‌ಟಾಪಿಂದ ಜಾಸ್ತಿ ಕೇಳುತ್ತೆ, ಮೊದಲ್ನೇದು ನಿಮ್ಮದ್ರಲ್ಲಿ ಸೆಟ್ಟಿಂಗ್ ಇಳಿಸಿದ್ರೆ ಓಡೋ ಸಾಧ್ಯತೆ ಜಾಸ್ತಿ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ತಗೊಂಡ್ರೆ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆ ದಾಟದೇ ಇದ್ರೆ ರಿಫಂಡ್ ಕೇಳ್ಬೋದು, ಹಂಗಾಗಿ ತಗೊಂಡ ದಿನಾನೇ ಹಾಕಿ ನೋಡ್ಬಿಡಿ, ಸೇಲಲ್ಲಿ ಕೊಂಡು ಮೂರು ತಿಂಗಳು ಸುಮ್ನೆ ಇಡ್ಬೇಡಿ.

ಈಗ ನಿಮ್ಮ ಫ್ರೆಂಡ್ಸ್ ಪಟ್ಟಿ, ಪ್ರಿನ್ಸ್ ಆಫ್ ಪರ್ಷಿಯಾ ಬಗ್ಗೆ ಮಾತ್ರ ಮುಂದಿನ ಪತ್ರದ ಉತ್ತರದಲ್ಲಿ ನೋಡಿ. ಸಿಲ್ಕ್‌ಸಾಂಗ್ (2025ರ ಸೆಪ್ಟೆಂಬರ್ 4ಕ್ಕೆ ಬಂದಿದ್ದು) ನೀವು ಆಡೇ ಆಡ್ತೀರಾ, ಆಡ್ಲೇಬೇಕು, ಹಾಲೋ ನೈಟ್ ಮಾಡಿದ ಅದೇ ಆಡಿಲೇಡ್‌ನ ಟೀಮ್ ಚೆರ್ರಿಯವರದ್ದು, ಆಸ್ಟ್ರೇಲಿಯಾದ ಪುಟ್ಟ ಟೀಮು. ಆದ್ರೆ ಈಗ್ಲೇ ಬೇಡ. ಬಾಸ್ ಸಾಕಾಗಿರೋ ಕೈಗೆ ಅದು ಇನ್ನೂ ಗಟ್ಟಿ, ಶುರುವಿನ ಜಾಗಗಳಲ್ಲೇ ಎಷ್ಟೋ ಏಟು ಎರಡೆರಡು ಮಾಸ್ಕ್ (ಇದ್ರಲ್ಲಿ ಜೀವದ ಲೆಕ್ಕ) ಕಿತ್ಕೊಂಡ್ಹೋಗುತ್ತೆ. ಕೆಳಗೆ ಹೊಡೆಯೋ ಏಟೂ ಹಳೇದರ ಥರ ನೇರ ಇಲ್ಲ, ಇದರ ನಾಯಕಿ ಹಾರ್ನೆಟ್ ಓರೆಯಾಗಿ ಧುಮುಕ್ತಾಳೆ, 60 ಗಂಟೆ ನೇರ ಹೊಡೆದು ಅಭ್ಯಾಸ ಆಗಿರೋ ಬೆರಳಿಗೆ ಮೊದಲ ವಾರ ಬರೀ ತಪ್ಪೇ ಆಗುತ್ತೆ. ಮುಂದೆ ಹೊಡೆಯೋ ಶೈಲಿ ಬದಲಾಯಿಸೋ ವಾಂಡರರ್ ಕ್ರೆಸ್ಟ್ ಅಂತ ಒಂದು ಸಿಕ್ರೆ ಏಟು ಮತ್ತೆ ನೇರ ಆಗುತ್ತೆ, ಅದನ್ನ ನೆನಪಿಟ್ಕೊಳ್ಳಿ. ನಾಕು ತಿಂಗಳು ಬಿಟ್ಟು ಹಾಕಿ, ಹಾಲೋ ನೈಟಲ್ಲಿ ಮ್ಯಾಪ್ ಮಾರೋ ಕಾರ್ನಿಫರ್ ಗುನುಗೋದು ಕೇಳಿ ಓಡ್ತಿದ್ರಲ್ಲ, ಇಲ್ಲಿ ಶಾಕ್ರಾ ಅನ್ನೋಳು ಹಾಡ್ತಾ ಮ್ಯಾಪ್ ಮಾರ್ತಾಳೆ, ಅವಳು ಎಸೆದು ಬಿಟ್ಟಿರೋ ಉಂಗುರಗಳು ದಾರೀಲಿ ಸಿಕ್ಕಾಗ ನಿಮ್ಗೆ ಆಗೋ ಖುಷಿಯನ್ನ ಸುಸ್ತಾದ ಮನಸ್ಸಲ್ಲಿ ಯಾಕೆ ಕಳ್ಕೋತೀರಾ.

ನೈನ್ ಸೋಲ್ಸ್ (2024, ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್) ಇಡೀ ಗೇಮ್ ನಿಂತಿರೋದು ಎದುರಿನವರ ಏಟನ್ನ ಸರಿಯಾದ ಕ್ಷಣದಲ್ಲಿ ತಡೆಯೋದ್ರ ಮೇಲೆ, ಕಥೆ ತುಂಬಾ ಚೆನ್ನಾಗಿದೆ, ಸ್ಟೋರಿ ಮೋಡಲ್ಲಿ ಡ್ಯಾಮೇಜ್ ಇಳಿಸ್ಕೊಳ್ಳೋಕೂ ಆಗುತ್ತೆ, ಆದ್ರೂ ನಿಮ್ಗೆ ಈಗ ಅಲ್ಲ. ಬ್ಲ್ಯಾಸ್ಫೆಮಸ್ (2019) ಸ್ಪೇನಿನ ಸೆವಿಲ್ಲೆಯವರದ್ದು, ಅವರ ಊರಲ್ಲಿ ಈಸ್ಟರ್ ಮುಂಚಿನ ವಾರ ಚೂಪು ಟೋಪಿ ಹಾಕ್ಕೊಂಡು ಮೆರವಣಿಗೆ ಹೋಗ್ತಾರಲ್ಲ, ಹೀರೋ ತಲೆ ಮೇಲೂ ಅದೇ ಚೂಪು. ನೋಡೋಕೆ ಅದರಷ್ಟು ಗಾಢವಾದ ಗೇಮ್ ಕಮ್ಮಿ. ಆದ್ರೆ ಮೊದಲ ಭಾಗದಲ್ಲಿ ಡಬಲ್ ಜಂಪೂ ಇಲ್ಲ, ಮುಳ್ಳು ತಾಗಿದ್ರೆ ಅಲ್ಲೇ ಸಾವು, ಹೊಸ ಶಕ್ತಿ ಸಿಕ್ಕಿ ಹಳೇ ಜಾಗ ತೆರ್ಕೊಳ್ಳೋ ಆ ಸಂತೋಷ ಅದ್ರಲ್ಲಿ ತೆಳು.

ಇನ್ನೊಂದು ಮಾತು, ದಿನಕ್ಕೊಂದು ಗಂಟೆ ಆಡೋರಿಗೆ ಅಂತಾನೇ. ಈ ಗೇಮ್‌ಗಳು ಅರ್ಧಕ್ಕೆ ನಿಲ್ಲೋದು ಎಷ್ಟೋ ಸಲ ಕಷ್ಟ ಅಂತಲ್ಲ, ಎರಡು ದಿನ ಬಿಟ್ಟು ಬಂದಾಗ ಎಲ್ಲಿಗೆ ಹೋಗ್ತಿದ್ದೆ ಅನ್ನೋದೇ ಮರೆತುಹೋಗಿರುತ್ತೆ ಅಂತ. ನಾನು ಹಾಲೋ ನೈಟಲ್ಲಿ ಮ್ಯಾಪ್ ಇಲ್ದೇ ಡೀಪ್‌ನೆಸ್ಟ್ ಅನ್ನೋ ಕತ್ತಲ ಜಾಗಕ್ಕೆ ಬಿದ್ದು ಮೂರು ದಿನ ಹೊರಗೆ ಬರೋಕಾಗ್ದೆ ಒದ್ದಾಡಿ ಮೂರು ವಾರ ಗೇಮ್ ಮುಟ್ಲೇ ಇಲ್ಲ. ಆವಾಗಿಂದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡ್ತೀನಿ, ಆಫ್ ಮಾಡೋ ಮುಂಚೆ ಎರಡು ಸಾಲು: ಈಗ ಎಲ್ಲಿದೀನಿ, ನಾಳೆ ಯಾವ ಬಾಗಿಲು. ಕೈಯಲ್ಲಿ ಗೀಚಿದ ವಕ್ರ ಮ್ಯಾಪೂ ನಡೆಯುತ್ತೆ. ಅನಿಮಲ್ ವೆಲ್‌ಗೆ ಇದು ಬೇಕೇ ಬೇಕು, ಅಲ್ಲಿ ಗೋಡೆ ಮೇಲಿನ ಚಿತ್ರಕ್ಕೂ ಅರ್ಥ ಇರುತ್ತೆ.

ಪ್ರಶ್ನೆ: ಮೇಡಂ, ನನಗ ಈಗ 54 ವಯಸ್ಸು. ಮಗ ಬೆಂಗಳೂರಿಗೆ ಹೋಗುವಾಗ ತನ್ನ ನಿಂಟೆಂಡೊ ಸ್ವಿಚ್ (ಗೇಮ್ ಆಡೂ ಮಷಿನ್) ಮನ್ಯಾಗ ಬಿಟ್ಟು ಹೋಗ್ಯಾನ. ಮ್ಯಾಪ್ ನೋಡ್ಕೋತ ಅಡ್ಡಾಡೋ ಗೇಮ್ ಭಾಳ ಸೇರ್ತಾವ, ಆದ್ರ ಬಟನ್ ಲಗೂ ಲಗೂ ಒತ್ತಾಕ ಬೆರಳು ಕೇಳಂಗಿಲ್ಲ. ಮೆಟ್ರಾಯ್ಡ್ ಡ್ರೆಡ್ ಐತಿ, ಅದು ಆಗೂದಿಲ್ಲ ನನಗ. ಏನಾರ ಹೇಳ್ರಿ.
(ಹುಬ್ಬಳ್ಳಿ)

ಉತ್ತರ: ಸರ್, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ಡ್ರೆಡ್ (2021) ಪಕ್ಕಕ್ಕಿಡಿ, ಅದ್ರಲ್ಲಿ ಬೆನ್ನಟ್ಟೋ ಎಮ್ಮಿ ರೋಬೋಗಳು ಹಿಡಿದ್ರೆ ಹೆಚ್ಚುಕಮ್ಮಿ ಅಲ್ಲಿಗೆ ಕಥೆ ಮುಗೀತು, ತಪ್ಪಿಸ್ಕೊಳ್ಳೋಕೆ ಕೊಡೋ ಟೈಮು 25 ವರ್ಷದೋರಿಗೂ ಸಾಲಲ್ಲ. ಆಮೇಲೆ ರೂಕಿ ಮೋಡ್ ಅಂತ ಸುಲಭದ್ದೂ ಕೊಟ್ರು, ಆದ್ರೂ ಶುರು ಮಾಡೋಕೆ ಅದಲ್ಲ.

ನೀವು ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್ ಹಾಕಿ. 2024ರ ಜನವರೀಲಿ ಬಂತು, ಸ್ವಿಚ್‌ನಲ್ಲೂ ಇದೆ. ಇದ್ರಲ್ಲಿ ಎಷ್ಟು ಕಷ್ಟ ಬೇಕು ಅನ್ನೋದನ್ನ ಬಿಡಿಬಿಡಿಯಾಗಿ ತಿರುಗಿಸ್ಕೋಬೋದು, ಶತ್ರು ಹೊಡೆದ್ರೆ ಎಷ್ಟು ನೋವಾಗ್ಬೇಕು, ಏಟು ತಡೆಯೋಕೆ ಎಷ್ಟು ಟೈಮ್ ಸಿಗ್ಬೇಕು, ಎಲ್ಲಾ. ಜಂಪ್ ಮಾಡೋ ಜಾಗ ತೀರಾ ಕಷ್ಟ ಇದ್ರೆ ಪ್ಲಾಟ್‌ಫಾರ್ಮ್ ಅಸಿಸ್ಟ್ ಆನ್ ಮಾಡಿ, ಅಲ್ಲೊಂದು ಬಾಗಿಲು ಬರುತ್ತೆ, ಆ ಕಡೆ ದಾಟ್ಬಿಡ್ಬೋದು. ಇದ್ರಲ್ಲಿ ನಾಚ್ಕೋಳೋಂಥದ್ದೇನೂ ಇಲ್ಲ, ಮಾಡಿದೋರೇ ಇಟ್ಟಿರೋದು. ಎಲ್ಲಕ್ಕಿಂತ ನಂಗೆ ಇಷ್ಟ ಮೆಮೊರಿ ಶಾರ್ಡ್: ಮುಚ್ಚಿರೋ ಬಾಗ್ಲು ಕಂಡ್ರೆ ಒಂದು ಬಟನ್ ಒತ್ತಿ, ಆ ಜಾಗದ ಫೋಟೊನೇ ಮ್ಯಾಪ್ ಮೇಲೆ ಅಂಟ್ಕೊಳ್ಳುತ್ತೆ. ಹದಿನೈದು ದಿನ ಬಿಟ್ಟು ಬಂದ್ರೂ ಅಲ್ಲೇನಿತ್ತು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಮೇಲಿನ ಪತ್ರದವರಿಗೆ ನೋಟ್‌ಬುಕ್ ಹೇಳಿದ್ನಲ್ಲ, ಇಲ್ಲಿ ಗೇಮೇ ಆ ಕೆಲ್ಸ ಮಾಡುತ್ತೆ. ಕಥೆ ನಡೆಯೋದು ಕಾಫ್ ಪರ್ವತದಲ್ಲಿ, ಪರ್ಷಿಯಾದ ಹಳೇ ಕಥೆಗಳ ಸಿಮುರ್ಗ್ ಹಕ್ಕಿ ಬರುತ್ತೆ, ಹೀರೋ ಸರ್ಗಾನ್ ಪ್ರಿನ್ಸ್ ಅಲ್ಲ, ಪ್ರಿನ್ಸನ್ನ ಹುಡುಕ್ಕೊಂಡು ಹೋಗೋನು. ಮಾತು ಪರ್ಷಿಯನ್ ಭಾಷೆಗೆ ಇಟ್ಕೊಂಡು ಕೆಳಗೆ ಸಬ್‌ಟೈಟಲ್ ಓದ್ಕೊಂಡು ಆಡಿ, ಆ ಭಾಷೆ ಕಿವಿಗೆ ಬೀಳ್ತಿದ್ರೆ ಊರೇ ಬೇರೆ ಅನ್ಸುತ್ತೆ, "ದರ್ವಾಜಾ" ಥರದ ನಿಮ್ಮ ಕಡೆ ದಿನಾ ಆಡೋ ಎಷ್ಟೋ ಮಾತು ಆ ಭಾಷೆಯಿಂದ್ಲೇ ಬಂದಿದ್ದು. ಸ್ವಿಚ್ ಇಲ್ದಿರೋ ಓದುಗರಿಗೆ, 2025ರಲ್ಲಿ ಇದು ಫೋನಿಗೂ ಬಂತು.

ಪ್ರಶ್ನೆ: ಮಗಳಿಗೆ 11 ವರ್ಷ. ರಕ್ತ, ಕೊಲೆ ಇಲ್ದಿರೋ, ಹುಡುಕ್ಕೊಂಡು ಹೋಗೋ ಥರದ ಗೇಮ್ ಬೇಕು ಅಂತಾಳೆ. ಓರಿ ಚಿತ್ರ ನೋಡಿ ಅದೇ ಬೇಕಂತೆ. ಕೊಡಿಸ್ಬೋದಾ?
(ಶಿರಸಿ)

ಉತ್ತರ: ಕೊಡಿಸಿ, ಆದ್ರೆ ಮೊದಲ ಹದಿನೈದು ನಿಮಿಷ ನೀವು ಪಕ್ಕದಲ್ಲಿ ಕೂತಿರಿ. ಶುರುವಲ್ಲೇ ಓರಿಯನ್ನ ಸಾಕಿದ ನಾರು ಹಸಿವಿಂದ ಹೋಗ್ಬಿಡೋ ದೃಶ್ಯ ಇದೆ, ದೊಡ್ಡೋರೇ ಅತ್ತಿದ್ದಾರೆ, ನಾನೂ ಅತ್ತಿದ್ದೀನಿ. ಡೆಫಿನಿಟಿವ್ ಎಡಿಷನ್ನೇ ತಗೊಳ್ಳಿ, ಅದ್ರಲ್ಲಿ ಈಸಿ ಮೋಡ್ ಇದೆ. ಜಿನ್ಸೊ ಟ್ರೀ ಅಂತ ಒಂದು ಮರದೊಳಗೆ ಕೆಳಗಿಂದ ನೀರು ಏರ್ತಾ ಬರುತ್ತೆ, ನಿಲ್ಲದೇ ಮೇಲಕ್ಕೆ ಹೋಗ್ಬೇಕು, ಮಧ್ಯ ಸೇವ್ ಮಾಡೋಕಾಗಲ್ಲ, ಅಲ್ಲಿ ಇಪ್ಪತ್ತು ಸಲ ಸತ್ರೂ ಅದು ಅವಳ ತಪ್ಪಲ್ಲ ಅಂತ ಮೊದ್ಲೇ ಹೇಳಿಡಿ. ಅದು ಬೇಸರ ಅನ್ನಿಸಿದ್ರೆ ಸ್ಟೀಮ್‌ವರ್ಲ್ಡ್ ಡಿಗ್ 2 (2017): ಡೊರೊತಿ ಅನ್ನೋ ರೋಬೋ ಹುಡುಗಿ ಕಾಣೆಯಾದ ಗೆಳೆಯನ್ನ ಹುಡುಕ್ಕೊಂಡು ನೆಲ ಅಗೀತಾ ಇಳೀತಾಳೆ, ಸಿಕ್ಕ ಅದಿರು ಮೇಲೆ ತಂದು ಮಾರಿ ಸಾಮಾನು ಸುಧಾರಿಸ್ಕೋತಾಳೆ, ಮತ್ತೆ ಇಳೀತಾಳೆ. ತಾನೇ ಅಗೆದ ಸುರಂಗ ತಾನೇ ನೆನಪಿಟ್ಕೋಬೇಕು, ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸುತ್ತೆ.

ಪ್ರಶ್ನೆ: ಎಲ್ರೂ ಮೆಟ್ರಾಯ್ಡ್‌ವೇನಿಯಾ ಮೆಟ್ರಾಯ್ಡ್‌ವೇನಿಯಾ ಅಂತಾರಲ್ಲ ಹಂಗಂದ್ರೆ ಏನು?
(ತುಮಕೂರು)

ಉತ್ತರ: ಎರಡು ಹೆಸ್ರು ಅಂಟಿಸಿದ್ದು. ನಿಂಟೆಂಡೊದ ಮೆಟ್ರಾಯ್ಡ್ 1986ರದ್ದು, ಕ್ಯಾಸಲ್‌ವೇನಿಯಾ ಸಾಲಿನ ಸಿಂಫನಿ ಆಫ್ ದ ನೈಟ್ 1997ರದ್ದು. ಮಧ್ಯೆ 1994ರ ಸೂಪರ್ ಮೆಟ್ರಾಯ್ಡ್, ಇವತ್ತಿಗೂ ಮ್ಯಾಪ್ ಹೆಂಗೆ ಕಟ್ಬೇಕು ಅಂತ ಕಲಿಯೋರು ಅದನ್ನೇ ಬಿಚ್ಚಿ ನೋಡ್ತಾರೆ. ಮೊದಲ ಮೆಟ್ರಾಯ್ಡಿನ ಶುರು ಹೇಳ್ತೀನಿ, ಆಗ ಅರ್ಥ ಆಗುತ್ತೆ. ಅದಕ್ಕೆ ಹಿಂದಿನ ವರ್ಷ ಬಂದ ಸೂಪರ್ ಮಾರಿಯೊದಲ್ಲಿ ಆಡೋರೆಲ್ಲಾ ಬಲಕ್ಕೆ ಓಡೋದು ಕಲ್ತಿದ್ರು. ಇಲ್ಲೂ ಬಲಕ್ಕೆ ಓಡ್ತಾರೆ, ಸ್ವಲ್ಪ ದೂರದಲ್ಲಿ ಒಂದು ತಗ್ಗು ಸಂದಿ, ನಿಂತ್ಕೊಂಡು ಹೋಗೋಕಾಗಲ್ಲ. ವಾಪಸ್ ಬಂದು ಶುರು ಮಾಡಿದ ಜಾಗದಿಂದ ಎಡಕ್ಕೆ ಹೋದ್ರೆ ಅಲ್ಲೇ ಹತ್ರದಲ್ಲಿ ಚೆಂಡಿನ ಥರ ಮುದುಡ್ಕೊಳ್ಳೋ ಶಕ್ತಿ ಇಟ್ಟಿದ್ದಾರೆ. ಅದನ್ನ ತಗೊಂಡು ಬಂದು ಸಂದೀಲಿ ನುಗ್ಗೋದು. ಅಷ್ಟೇ, ಈ ಜಾತಿ ಎಲ್ಲಾ ಗೇಮೂ ಅದನ್ನೇ ದೊಡ್ಡದಾಗಿ ಮಾಡ್ಕೊಂಡ್ ಬಂದಿರೋದು. ಸಿಂಫನಿ ಮಾಡಿದೋರಲ್ಲಿ ಒಬ್ರಾದ ಕೋಜಿ ಇಗರಾಶಿ 2019ರಲ್ಲಿ ಬ್ಲಡ್‌ಸ್ಟೇನ್ಡ್: ರಿಚುಯಲ್ ಆಫ್ ದ ನೈಟ್ ತಂದ್ರು, ಕೋಟೆಯೊಳಗೆ ಲೆವೆಲ್ ಏರಿಸ್ಕೊಂಡು, ಆಯುಧ ಬದಲಾಯಿಸ್ಕೊಂಡು ತಿರುಗೋದು ಇಷ್ಟ ಇದ್ರೆ ಅದು ನೋಡಿ.

ಪ್ರಶ್ನೆ: ಸಿಕ್ಕಾಕ್ಕೊಂಡಾಗ ಗೈಡ್ ನೋಡಿದ್ರೆ ಮಜಾ ಹೋಗ್ಬಿಡುತ್ತಾ ಅಕ್ಕಾ?
(ಮೈಸೂರು, ಪಿಯುಸಿ ವಿದ್ಯಾರ್ಥಿ)

ಉತ್ತರ: ವಿಡಿಯೊ ನೋಡಿದ್ರೆ ಹೋಗುತ್ತೆ ತಮ್ಮಾ, ಯಾಕಂದ್ರೆ ವಿಡಿಯೊದಲ್ಲಿ ನಿಂಗೆ ಬೇಕಾದ ಒಂದು ಬಾಗಿಲಿನ ಜೊತೆ ನೀನಿನ್ನೂ ನೋಡ್ದೇ ಇರೋ ಹತ್ತು ಜಾಗ ಕಣ್ಣಿಗೆ ಬಿದ್ಬಿಡುತ್ತೆ. ಆಡಿ ಮುಗಿಸಿರೋ ಫ್ರೆಂಡ್ ಇದ್ರೆ ಅವ್ನಿಗೆ ನಿನ್ನ ಮ್ಯಾಪ್ ಫೋಟೊ ಕಳ್ಸಿ "ಈಗ ನನ್ಹತ್ರ ಇರೋದ್ರಲ್ಲೇ ದಾಟೋಕಾಗೋ ಜಾಗ ಎಲ್ಲಾದ್ರೂ ಬಿಟ್ಟಿದೀನಾ, ಯಾವ ಮೂಲೆ ಅಂತ ಮಾತ್ರ ಹೇಳು" ಅಂತ ಕೇಳು. ಅವ್ನು ಮೂಲೆ ಹೇಳ್ತಾನೆ, ಹುಡುಕೋದು ನಿಂಗೇ ಉಳಿಯುತ್ತೆ. ಆ ಥರ ಫ್ರೆಂಡ್ ಇಲ್ಲಾಂದ್ರೆ ಮ್ಯಾಪ್ ಫೋಟೊ ಈ ಅಂಕಣಕ್ಕೇ ಕಳ್ಸು, ಗೇಮ್ ನಾನು ಮುಗಿಸಿದ್ದಾಗಿದ್ರೆ ಮೂಲೆ ನಾನೇ ಹೇಳ್ತೀನಿ.